ಕೌದಿ, ಓಟ, ರಂಗ: ಸಿದ್ದಿ ಮಹಿಳೆಯರ ಗುರುತು ಮತ್ತು ಮಾದರಿಗಳು

ಹೈದರಾಬಾದಿನ ಮಾಸಾಬ್ ಟ್ಯಾಂಕ್ ಹತ್ತಿರ ಎ.ಸಿ. ಗಾರ್ಡ್ಸ್ ಎಂಬ ಬಡಾವಣೆ ಸಿಗುತ್ತದೆ. ನಿಜಾಮನ ಸೇವೆಯಲ್ಲಿದ್ದ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬ ಅಶ್ವದಳದ ಹೆಸರೇ ಆ ಬಡಾವಣೆಗೆ ಉಳಿದಿದೆ. ದಖ್ಖನಿನ ಹಬ್ಶಿಗಳ, ಅಂದರೆ ಆಫ್ರಿಕನ್ ಮೂಲದವರ, ಪರಂಪರೆ ಎಂದಾಗ ನೆನಪಾಗುವ ಹೆಸರುಗಳೂ ಇಂಥವೇ: ಅಹಮದ್‌ನಗರದ ಮಲಿಕ್ ಅಂಬರ್, ವಿಜಯಪುರದಲ್ಲಿ ಮಹಮ್ಮದ್ ಆದಿಲ್‌ಶಾಹನ ಜೊತೆ ಕಿರುಚಿತ್ರಗಳಲ್ಲಿ ಕಾಣಿಸಿಕೊಳ್ಳುವ ಇಖ್ಲಾಸ್ ಖಾನ್. ಕಪ್ಪು ಮೈಬಣ್ಣದವರು ಈ ನೆಲದಲ್ಲಿ ಅಧಿಕಾರ ನಡೆಸಿದ್ದರು ಎಂಬುದಕ್ಕೆ ಇವರು ಸಾಕ್ಷಿ. ಆದರೆ ಎಲ್ಲರೂ ಗಂಡಸರು, ಕತ್ತಿ ಹಿಡಿದು ಮೇಲೆ ಬಂದವರು. ಇದೇ ಮೂಲದ ಹೆಣ್ಣುಮಗಳೊಬ್ಬಳು ತನಗೊಂದು ಮಾದರಿ ಬೇಕೆಂದು ಈ ಚರಿತ್ರೆಯನ್ನು ತಿರುವಿದರೆ ಅವಳ ಕೈಗೆ ಏನೂ ಸಿಗುವುದಿಲ್ಲ.

ಅಂಥ ಮಾದರಿಗಳನ್ನು ಹುಡುಕಲು ಉತ್ತರ ಕನ್ನಡಕ್ಕೆ ಬರಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ಆಫ್ರಿಕನ್ ಮೂಲದ ಸಿದ್ದಿಗಳು ತಲೆಮಾರುಗಳಿಂದ ನೆಲೆಸಿದ್ದಾರೆ. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟ ಸೇರಿದವರ ಸಂತತಿ ಇವರಲ್ಲಿ ದೊಡ್ಡದು. ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರು ಧರ್ಮಗಳಲ್ಲಿ ಹಂಚಿಹೋಗಿದ್ದರೂ ಅವರನ್ನು ಹೊರಗಿನವರು ಗುರುತಿಸುವುದು ಮೈಬಣ್ಣ ಮತ್ತು ಗುಂಗುರು ಕೂದಲಿನಿಂದ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಆದರೂ ಪೇಟೆಗೆ ಬಂದ ಸಿದ್ದಿ ಯುವತಿಗೆ ಎದುರಾಗುವ ಮೊದಲ ಪ್ರಶ್ನೆ ‘ನೀವು ಯಾವ ದೇಶದವರು?’ ಎಂಬುದೇ. ಅವಳು ಕನ್ನಡದಲ್ಲಿ ಉತ್ತರ ಕೊಟ್ಟರೆ ‘ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ’ ಎಂಬ ಮೆಚ್ಚುಗೆ. ಆ ಮೆಚ್ಚುಗೆ ಪ್ರಶ್ನೆಗಿಂತ ಹೆಚ್ಚು ನೋಯಿಸುತ್ತದೆ ಎಂದು ನನಗನ್ನಿಸುತ್ತದೆ. ಹುಟ್ಟಿದ ಊರಿನಲ್ಲೇ ಅದು ಅವಳನ್ನು ಅತಿಥಿಯಾಗಿಸುತ್ತದೆ.

1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟಿತು. ಬಣ್ಣದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುಪಾಲು ಈ ಕ್ರೀಮು ಮತ್ತು ವರಾನ್ವೇಷಣೆಯ ಸುತ್ತಲೇ ಇದೆ. ಸಿದ್ದಿ ಮಹಿಳೆಯ ಸಂಗತಿ ಅಷ್ಟಕ್ಕೆ ನಿಲ್ಲುವುದಿಲ್ಲ. ಮನೆಯವರ ಬಾಯಲ್ಲಿ ‘ಕಪ್ಪು’ ಎನಿಸಿಕೊಂಡ ಬೇರೆ ಕನ್ನಡತಿಯನ್ನು ಯಾರೂ ಪರದೇಶಿ ಎನ್ನುವುದಿಲ್ಲ. ಸಿದ್ದಿ ಹೆಣ್ಣಿನ ಮಟ್ಟಿಗೆ ತನ್ನನ್ನು ತಾನು ಒಪ್ಪಿಕೊಳ್ಳುವುದೆಂದರೆ ಚಂದದ ಪ್ರಶ್ನೆಯಾಗುವ ಮೊದಲು ಹಕ್ಕಿನ ಪ್ರಶ್ನೆ.

ಈ ಸಮುದಾಯದ ಹುಡುಗಿಯರಿಗೆ ಕಣ್ಣೆದುರಿನ ಮಾದರಿಯೊಂದನ್ನು ಸರ್ಕಾರವೇ ಕೊಟ್ಟ ಕಾಲವೂ ಇತ್ತು. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿ ಮೇಲೆ ಬಂದದ್ದು ಹೀಗೆ. ಕಾಡಂಚಿನ ಮನೆಯಿಂದ ರಾಷ್ಟ್ರಮಟ್ಟದ ಟ್ರ್ಯಾಕಿಗೆ ಹೋದ ಹುಡುಗಿಯನ್ನು ಊರಿನವರು ಕಂಡದ್ದು ಸಣ್ಣ ಮಾತಲ್ಲ. ಆದರೆ ಯೋಜನೆಯ ಒಳಗೇ ಒಂದು ಬಿರುಕಿತ್ತು. ಆಫ್ರಿಕಾದ ರಕ್ತವಿರುವವರು ಹುಟ್ಟಾ ಓಟಗಾರರು ಎಂಬ ನಂಬಿಕೆಯ ಮೇಲೆ ಅದು ನಿಂತಿತ್ತು. ಬೀದಿಯಲ್ಲಿ ಯಾವ ಮೈಕಟ್ಟು ಅವಮಾನಕ್ಕೆ ಕಾರಣವೋ ಅದೇ ಮೈಕಟ್ಟು ಶಿಬಿರದಲ್ಲಿ ಅರ್ಹತೆ. ಎರಡೂ ಕಡೆ ಅವಳನ್ನು ಅಳೆದದ್ದು ಮೈಯಿಂದಲೇ. 1993ರಲ್ಲಿ ಯೋಜನೆ ನಿಂತಿತು. ಕೆಲವರು ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದರು, ಉಳಿದವರು ಕೂಲಿಗೆ ಮರಳಿದರು. ಮಾದರಿ ವ್ಯಕ್ತಿ ಉಳಿದರೂ ಅವಳು ನಡೆದ ದಾರಿ ಮುಚ್ಚಿದರೆ ಹಿಂದೆ ಬರುವವರಿಗೆ ಅವಳು ಒಂದು ಕಥೆಯಷ್ಟೇ.

ರಂಗಭೂಮಿ ಬೇರೆ ಬಗೆಯದು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಮಂಚೀಕೇರಿಯ ಸಿದ್ದಿಗಳೊಡನೆ ನಾಟಕಗಳನ್ನು ಕಟ್ಟಿತು. ಅವುಗಳಲ್ಲಿ ‘ಕಪ್ಪು ಜನ ಕೆಂಪು ನೆರಳು’ ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ್ದು. ಮುಂದೆ ಅದೇ ಸೀಮೆಯ ಗಿರಿಜಾ ಸಿದ್ದಿ ನೀನಾಸಂನಲ್ಲಿ ತರಬೇತಿ ಪಡೆದು ನಟಿಯಾಗಿ, ಗಾಯಕಿಯಾಗಿ ಹೆಸರಾದರು. ಗೀತಾ ಸಿದ್ದಿಯೂ ರಂಗಕ್ಕೆ ಬಂದರು. 2021ರ ‘ಸಲಗ’ ಚಿತ್ರದ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿನ ಮೂಲಕ ಸಿದ್ದಿಗಳ ದನಿ ನಾಡಿನ ಮೂಲೆಮೂಲೆಗೂ ತಲುಪಿತು. ನಟಿಗೆ ರಕ್ತದ ಗುಣ ನೆರವಾಗುವುದಿಲ್ಲ. ಮಾತು, ಉಚ್ಚಾರ, ಶ್ರುತಿ, ಪಾತ್ರದ ಗ್ರಹಿಕೆ ಎಲ್ಲವನ್ನೂ ಕಲಿಯಬೇಕು, ಆ ಕಲಿಕೆ ಅವಳದೇ ಸಂಪಾದನೆ. ಓಟದ ಶಿಬಿರ ಕೊಡದ ಒಂದನ್ನು ರಂಗ ಕೊಟ್ಟದ್ದು ಇಲ್ಲೇ.

ಇನ್ನೂ ಹಳೆಯದು, ಯಾವ ಸಂಸ್ಥೆಯ ಹಂಗೂ ಇಲ್ಲದ್ದು, ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಒಂದು ಸೀರೆಯ ಮೇಲೆ ಜೋಡಿಸಿ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನ ಕಡೆಗೆ ಹೊಲಿಗೆ ಹಾಕುತ್ತಾ ಹೋಗುತ್ತಾರೆ. ಮೊದಲೇ ಬರೆದುಕೊಂಡ ನಕ್ಷೆಯಿಲ್ಲ. ಮುಂದಿನ ತುಂಡು ಯಾವುದೆಂದು ಹೊಲಿಯುವವಳೇ ಆ ಹೊತ್ತಿಗೆ ತೀರ್ಮಾನಿಸುತ್ತಾಳೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫೂಲ್’ ಕೂರಿಸಬೇಕು. ಅದಿಲ್ಲದ ಕವಂದಿಯನ್ನು ಅವರು ಬೆತ್ತಲೆ ಎಂದೇ ಭಾವಿಸುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿ ಹೊರದೇಶದ ಪ್ರದರ್ಶನಗಳಿಗೆ ಒಯ್ದ ಮೇಲೆ ಆಫ್ರಿಕನ್ ಅಮೆರಿಕನ್ ಮಹಿಳೆಯರ ಕೌದಿಗಳೊಡನೆ ಇವುಗಳನ್ನಿಟ್ಟು ನೋಡುವ ಪರಿಪಾಠ ಬೆಳೆಯಿತು. ಹೋಲಿಕೆ ಕಣ್ಣಿಗೆ ಹಿತ, ನಿಜ. ಆದರೆ ಉತ್ತರ ಕರ್ನಾಟಕದ ಮನೆಮನೆಯ ಕೌದಿಯನ್ನು ಪಕ್ಕಕ್ಕಿಟ್ಟು ನೇರ ಆಫ್ರಿಕಾಕ್ಕೆ ಹಾರುವ ಅವಸರವನ್ನು ನಾನು ಒಪ್ಪಲಾರೆ. ಹಾಗೆ ಹಾರಿದಾಗ ‘ಯಾವ ದೇಶದವರು’ ಎಂಬ ಬೀದಿಯ ಪ್ರಶ್ನೆಯೇ ವಿದ್ವತ್ತಿನ ವೇಷದಲ್ಲಿ ಮರಳಿ ಬರುತ್ತದೆ. ಕವಂದಿ ಎರಡೂ ನೆಲದ್ದು, ಹೊಲಿದವಳೂ ಹಾಗೆಯೇ.

ಗುಜರಾತಿನ ಜಾಂಬೂರಿನಲ್ಲಿ ಸಿದ್ದಿ ಹೆಂಗಸರನ್ನು ಸಂಘಟಿಸಿದ ಹೀರಾಬಾಯಿ ಲೋಬಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರನ್ನು ಅಳೆದದ್ದು ಮೈಬಣ್ಣದಿಂದಲ್ಲ, ವೇಗದಿಂದಲೂ ಅಲ್ಲ. ಊರಿನ ಹೆಂಗಸರ ಕೈಗೆ ದುಡಿಮೆ ತಂದ ಕೆಲಸದಿಂದ. ಹೈದರಾಬಾದಿನಲ್ಲಿ ಸ್ಥಿತಿ ಬೇರೆ: ಎ.ಸಿ. ಗಾರ್ಡ್ಸ್‌ನ ಸಿದ್ದಿ ಕುಟುಂಬಗಳಿಗೆ ತೆಲಂಗಾಣದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಜಾಗವಿಲ್ಲ, ಅವರ ಹೆಮ್ಮೆ ಇಂದಿಗೂ ಅಶ್ವದಳದ ಅಜ್ಜಂದಿರದ್ದು. ಆ ದಳ ಕುದುರೆ ಏರಿದ ಕಾಲದಲ್ಲಿ ಮನೆ ನಡೆಸಿದ ಅಜ್ಜಿಯರ ದುಡಿಮೆಯನ್ನು ಅವರ ಮೊಮ್ಮಕ್ಕಳ ಬಾಯಿಂದಲೇ ದಾಖಲಿಸುವ ಕೆಲಸಕ್ಕೆ ಹೈದರಾಬಾದಿನ ಮತ್ತು ಕರ್ನಾಟಕದ ವಿಶ್ವವಿದ್ಯಾಲಯಗಳು ಕೂಡಿ ಕೈಹಾಕಬೇಕು. ಉತ್ತರ ಕನ್ನಡದ ಸಿದ್ದಿ ವಿದ್ಯಾರ್ಥಿನಿಯರೇ ಅದನ್ನು ಮುನ್ನಡೆಸಬೇಕು.