ಸೊಪ್ಪಿನ ಲೆಕ್ಕ: ಹೈದರಾಬಾದಿನಲ್ಲಿ ಕ್ಯಾರೊಟಿನಾಯ್ಡ್‌ಗಳನ್ನು ಅಳೆದ ಇತಿಹಾಸ

ಗಜ್ಜರಿ, ಮಾಗಿದ ಮಾವು, ಪಪ್ಪಾಯಿ, ಟೊಮೆಟೊ, ಒಣಮೆಣಸಿನಕಾಯಿಗಳಿಗೆ ಹಳದಿ, ಕಿತ್ತಳೆ, ಕೆಂಪು ಬಣ್ಣ ಕೊಡುವ ವರ್ಣದ್ರವ್ಯಗಳಿಗೆ ಕ್ಯಾರೊಟಿನಾಯ್ಡ್ ಎಂದು ಹೆಸರು. ಸೊಪ್ಪಿನಲ್ಲಿಯೂ ಇವು ಹೇರಳವಾಗಿವೆ, ಹಸಿರಿನ ಮರೆಯಲ್ಲಿ ಕಾಣುವುದಿಲ್ಲ ಅಷ್ಟೆ. ಪ್ರಕೃತಿಯಲ್ಲಿ 600ಕ್ಕೂ ಹೆಚ್ಚು ಬಗೆಯ ಕ್ಯಾರೊಟಿನಾಯ್ಡ್‌ಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಸುಮಾರು 50 ಮಾತ್ರ ದೇಹದೊಳಗೆ ವಿಟಮಿನ್ ಎ ಆಗಬಲ್ಲವು. ಬೀಟಾ ಕ್ಯಾರೊಟಿನ್ ಅವುಗಳಲ್ಲಿ ಮುಖ್ಯವಾದದ್ದು. ಸಸ್ಯದ ಕ್ಯಾರೊಟಿನ್ ಪ್ರಾಣಿಯ ದೇಹದಲ್ಲಿ ವಿಟಮಿನ್ ಎ ಆಗುತ್ತದೆಂದು ಥಾಮಸ್ ಮೂರ್ 1930ರಲ್ಲಿ ತೋರಿಸಿಕೊಟ್ಟ. ಹಾಲು, ತುಪ್ಪ, ಮೊಟ್ಟೆಗಳಲ್ಲಿ ಈ ವಿಟಮಿನ್ ಸಿದ್ಧರೂಪದಲ್ಲೇ ಇರುತ್ತದೆ. ಅವನ್ನು ದಿನವೂ ಕೊಳ್ಳಲಾಗದ ಮನೆಗಳಿಗೆ ಸೊಪ್ಪು, ತರಕಾರಿ, ಹಣ್ಣುಗಳೇ ಆಧಾರ. ಭಾರತೀಯರು ಹೀಗೆ ತಿನ್ನುವ ಕ್ಯಾರೊಟಿನ್ ಎಷ್ಟು ಎಂಬ ಲೆಕ್ಕ ಹೆಚ್ಚಾಗಿ ನಡೆದದ್ದು ಹೈದರಾಬಾದಿನಲ್ಲಿ.

1956ರವರೆಗೆ ಹೈದರಾಬಾದ್ ರಾಜ್ಯದೊಳಗೆ ತೆಲಂಗಾಣ, ಮರಾಠವಾಡಗಳ ಜೊತೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಇದ್ದವು. ಈ ಒಣಸೀಮೆಯ ಊಟ ಜೋಳದ ರೊಟ್ಟಿ, ಬೇಳೆ ಮತ್ತು ಪಲ್ಯದ ಮೇಲೆ ನಿಂತಿತ್ತು. ತೆಲುಗರ ಗೋಂಗೂರವೇ ಕನ್ನಡದ ಮನೆಗಳ ಪುಂಡಿ. ರಾಜಗಿರಿ, ಮೆಂತೆ, ನುಗ್ಗೆಸೊಪ್ಪು, ಹುಣಿಸೆ ಚಿಗುರು, ಬಿತ್ತದೆ ಹೊಲದಲ್ಲಿ ತಾನಾಗಿ ಬೆಳೆಯುವ ಅಣ್ಣೆಸೊಪ್ಪು ಋತುವಿಗೆ ತಕ್ಕಂತೆ ಒಲೆ ಏರುತ್ತಿದ್ದವು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೊತ್ತೊಯ್ಯುವ ಭಜ್ಜಿಯಲ್ಲಿ ಹಲವು ಕಾಯಿಪಲ್ಯಗಳು ಒಂದೇ ಪಾತ್ರೆಯಲ್ಲಿ ಸೇರುತ್ತವೆ. ಬೇಸಿಗೆಯಲ್ಲಿ ಮಾವು ಬರುತ್ತಿತ್ತು. ಇವುಗಳಲ್ಲಿ ಎಷ್ಟೋ ಸೊಪ್ಪುಗಳನ್ನು ದುಡ್ಡು ಕೊಟ್ಟು ತರಬೇಕಾಗಿರಲಿಲ್ಲ. ಕೊಳ್ಳದ, ತೂಗದ ಆಹಾರ ಸರ್ಕಾರಿ ಅಂಕಿಅಂಶಗಳಿಗೆ ಸುಲಭವಾಗಿ ಸಿಗುವುದೂ ಇಲ್ಲ.

ಅಳತೆಯ ಕೆಲಸ ಆರಂಭವಾದದ್ದು ನೀಲಗಿರಿಯ ಕೂನೂರಿನಲ್ಲಿ. ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಅಲ್ಲಿ ಆರಂಭಿಸಿದ ಬೆರಿಬೆರಿ ಸಂಶೋಧನೆ ಮುಂದೆ ಪೌಷ್ಟಿಕ ಸಂಶೋಧನಾಲಯವಾಗಿ ಬೆಳೆಯಿತು. ಅದರ ನಿರ್ದೇಶಕ ವ್ಯಾಲೇಸ್ ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಕೋಷ್ಟಕ ಪ್ರಕಟಿಸಿದ. ಸಂಸ್ಥೆ 1958ರ ಹೊತ್ತಿಗೆ ಹೈದರಾಬಾದಿನ ತಾರ್ನಾಕಕ್ಕೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಗೆ ಬಂದಿತು. 1969ರಲ್ಲಿ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಎಂಬ ಹೆಸರು ಪಡೆಯಿತು. ಸಿ. ಗೋಪಾಲನ್ ಮತ್ತು ಸಂಗಡಿಗರು ಪರಿಷ್ಕರಿಸಿ 1971ರಲ್ಲಿ ಹೊರತಂದ ಕೋಷ್ಟಕ ದೇಶದ ಆಹಾರತಜ್ಞರೆಲ್ಲರ ಕೈಪಿಡಿಯಾಯಿತು. ಅದರ ಪ್ರಕಾರ 100 ಗ್ರಾಂ ಕರಿಬೇವಿನಲ್ಲಿ 7560, ನುಗ್ಗೆಸೊಪ್ಪಿನಲ್ಲಿ 6780, ಎಳೆ ದಂಟಿನ ಸೊಪ್ಪಿನಲ್ಲಿ 5520, ಪುಂಡಿಯಲ್ಲಿ 2898 ಮೈಕ್ರೊಗ್ರಾಂ ಕ್ಯಾರೊಟಿನ್ ಇದೆ. ಮಾಗಿದ ಮಾವಿನಲ್ಲಿ 2743, ಗಜ್ಜರಿಯಲ್ಲಿ 1890, ಪಪ್ಪಾಯಿಯಲ್ಲಿ 666. ಪೇಟೆಯ ಗಜ್ಜರಿಗಿಂತ ಹಿತ್ತಲಿನ ಸೊಪ್ಪು ಮೇಲು ಎಂಬ ಮಾತಿಗೆ ಈ ಅಂಕಿಗಳು ಆಧಾರವಾದವು.

ಆ ಕಾಲದಲ್ಲಿ ವೈದ್ಯರನ್ನು ಕಾಡಿದ್ದು ಮಕ್ಕಳ ಕುರುಡು. ವಿಟಮಿನ್ ಎ ಕೊರತೆಯಿಂದ ಮೊದಲು ಇರುಳುಗಣ್ಣು ಬರುತ್ತದೆ. ಕೊರತೆ ತೀವ್ರವಾದಾಗ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಮೆತ್ತಗಾಗಿ ದೃಷ್ಟಿಯೇ ಹೋಗುತ್ತದೆ. ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ವಿಟಮಿನ್ ಎ ಕುಡಿಸಿದರೆ ಮಕ್ಕಳನ್ನು ಕಾಪಾಡಬಹುದೆಂದು ಹೈದರಾಬಾದಿನ ಸಂಶೋಧಕರು ತೋರಿಸಿದರು, 1970ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಅದೇ ವರ್ಷ ವಿ. ಆರ್. ಲಾಲಾ ಮತ್ತು ವಿನೋದಿನಿ ರೆಡ್ಡಿ ಅವರ ಅಧ್ಯಯನ ಪ್ರಕಟವಾಯಿತು. ಪೌಷ್ಟಿಕಾಂಶ ಸಾಲದ ಮಕ್ಕಳ ದೇಹವೂ ಸೊಪ್ಪಿನ ಬೀಟಾ ಕ್ಯಾರೊಟಿನ್ನನ್ನು ಹೀರಿಕೊಳ್ಳುತ್ತದೆ ಎಂಬುದು ಅದರ ತಿರುಳು. ಹನಿ ಔಷಧ ತುರ್ತು ಪರಿಹಾರವಾಗಿ, ಸೊಪ್ಪು ನಿತ್ಯದ ಪರಿಹಾರವಾಗಿ ನಿಂತವು. ವಯಸ್ಕರ ಊಟ ಮಾತ್ರ ಈ ಚರ್ಚೆಯ ಅಂಚಿನಲ್ಲೇ ಉಳಿಯಿತು.

ವಯಸ್ಕರ ತಟ್ಟೆಯ ಲೆಕ್ಕ ಕ್ರಮವಾಗಿ ಸಿಗತೊಡಗಿದ್ದು 1972ರ ನಂತರ. ಆ ವರ್ಷ ಇದೇ ಸಂಸ್ಥೆಯ ಆಶ್ರಯದಲ್ಲಿ ರಾಷ್ಟ್ರೀಯ ಪೌಷ್ಟಿಕತಾ ನಿಗಾ ಬ್ಯೂರೊ ಆರಂಭವಾಗಿ, ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಕಾರ್ಯಕರ್ತರು ಮನೆಮನೆಗೆ ಹೋಗಿ ಅಡುಗೆಗೆ ಬಳಸುವ ಪದಾರ್ಥಗಳನ್ನು ತೂಗುತ್ತಿದ್ದರು. ಹಿಂದಿನ 24 ಗಂಟೆಗಳಲ್ಲಿ ಯಾರು ಏನು ತಿಂದರೆಂದು ಕೇಳಿ, ಅಳತೆಯ ಬಟ್ಟಲುಗಳ ಸಹಾಯದಿಂದ ಪ್ರಮಾಣ ಬರೆದುಕೊಳ್ಳುತ್ತಿದ್ದರು. 1970ರ ದಶಕದಿಂದ 2012ರವರೆಗಿನ ಸುತ್ತುಗಳಲ್ಲಿ ಧಾನ್ಯದ ಬಳಕೆ ಇಳಿಯುತ್ತಾ ಬಂತು. ಸೊಪ್ಪಿನ ಸರಾಸರಿ ಬಳಕೆ ಮಾತ್ರ ದಿನಕ್ಕೆ 40 ಗ್ರಾಂ ಎಂಬ ಶಿಫಾರಸಿನ ಅರ್ಧವನ್ನೂ ಮುಟ್ಟಲಿಲ್ಲ. ವಯಸ್ಕರಿಗೆ ಆಗ ಗೊತ್ತುಮಾಡಿದ್ದ 600 ಮೈಕ್ರೊಗ್ರಾಂ ವಿಟಮಿನ್ ಎ ಕೂಡ ಅರ್ಧದ ಆಸುಪಾಸಿನಲ್ಲೇ ನಿಂತಿತು. ಬ್ಯೂರೊ 2015ರಲ್ಲಿ ಮುಚ್ಚಿತು. ನಾಲ್ಕು ದಶಕಗಳ ಆ ಸಾಲು ಅಲ್ಲಿಗೆ ಕಡಿಯಿತು.

ಊಟ ಹೀಗೆ ನಿಧಾನವಾಗಿ ಬದಲಾಗುತ್ತಿದ್ದಾಗ ಅಳತೆಗೋಲು ಅದಕ್ಕಿಂತ ಬೇಗ ಬದಲಾಯಿತು. ಹಳೆಯ ವಿಧಾನಗಳಲ್ಲಿ ಹಲವು ವರ್ಣದ್ರವ್ಯಗಳು ಕ್ಯಾರೊಟಿನ್ ಎಂಬ ಒಂದೇ ಹೆಸರಿನಡಿ ಸೇರಿಬಿಡುವ ಸಾಧ್ಯತೆಯಿತ್ತು. ಹೊಸ ಕ್ರೊಮೆಟೊಗ್ರಫಿ ಉಪಕರಣಗಳು ಬಂದ ಮೇಲೆ ಬೀಟಾ ಕ್ಯಾರೊಟಿನ್ನನ್ನು ಬೇರೆಯಾಗಿ ಎಣಿಸುವುದು ಸಾಧ್ಯವಾಯಿತು. ಪರಿವರ್ತನೆಯ ಪ್ರಮಾಣವೂ ಸ್ಥಿರವಾಗಿ ನಿಲ್ಲಲಿಲ್ಲ. ನಾಲ್ಕು ಪಾಲು ಬೀಟಾ ಕ್ಯಾರೊಟಿನ್ ಒಂದು ಪಾಲು ವಿಟಮಿನ್ ಎಗೆ ಸಮ ಎಂದು ಭಾರತದಲ್ಲಿ ಮೊದಲು ಹಿಡಿಯಲಾಗಿತ್ತು. 2010ರ ಶಿಫಾರಸಿನಲ್ಲಿ ಅದು ಎಂಟು ಪಾಲಾಯಿತು. ಅಮೆರಿಕದ ತಜ್ಞರು 2001ರಲ್ಲೇ ಹನ್ನೆರಡು ಎಂದಿದ್ದರು. ಇದರಿಂದ, 4000 ಮೈಕ್ರೊಗ್ರಾಂ ಬೀಟಾ ಕ್ಯಾರೊಟಿನ್ ಇರುವ ಪಲ್ಯಕ್ಕೆ ಮೊದಲ ಲೆಕ್ಕದಲ್ಲಿ 1000 ಮೈಕ್ರೊಗ್ರಾಂ ವಿಟಮಿನ್ ಎ ಬಂದರೆ, ಎರಡನೆಯದರಲ್ಲಿ 500, ಮೂರನೆಯದರಲ್ಲಿ 333. ಬೇರೆ ಬೇರೆ ಕಾಲದ ವರದಿಗಳನ್ನು ಹೋಲಿಸುವವರು ಯಾವ ಕೋಷ್ಟಕ, ಯಾವ ಪ್ರಮಾಣ ಬಳಸಲಾಗಿದೆ ಎಂದು ಮೊದಲು ನೋಡಲೇಬೇಕು. ಇಲ್ಲದಿದ್ದರೆ ಕಾಗದದ ಮೇಲಿನ ಇಳಿಕೆಯನ್ನೇ ಊಟದ ಇಳಿಕೆಯೆಂದು ತಿಳಿಯುವ ಅಪಾಯವಿದೆ.

ಆಹಾರದ ಮೂಲಗಳೂ ಬದಲಾದವು. ಆಂಧ್ರಪ್ರದೇಶದಲ್ಲಿ 1983ರಲ್ಲಿ ಕಿಲೊಗೆ 2 ರೂಪಾಯಿಯ ಅಕ್ಕಿ ಬಂದು ಬಡವರ ಹಸಿವು ತಗ್ಗಿತು. ಅದರೊಂದಿಗೆ ಜೋಳದ ರೊಟ್ಟಿಯ ಜಾಗಕ್ಕೆ ಅನ್ನ ಬರುವ ವೇಗವೂ ಹೆಚ್ಚಿತು. ಬಿಳಿ ಅಕ್ಕಿಯಲ್ಲಿ ಕ್ಯಾರೊಟಿನಾಯ್ಡ್ ಇಲ್ಲವೆಂದೇ ಹೇಳಬೇಕು; ಹಳದಿ ತಿರುಳಿನ ಜೋಳದ ತಳಿಗಳಲ್ಲಿ ಸ್ವಲ್ಪವಾದರೂ ಇದೆ. ಅಡುಗೆಮನೆಗೆ ಬಂದ ಸಂಸ್ಕರಿಸಿದ ತಾಳೆ ಎಣ್ಣೆಯದೂ ಇಂಥದೇ ಕಥೆ. ಕಚ್ಚಾ ತಾಳೆ ಎಣ್ಣೆಯ ಗಾಢ ಕೆಂಪಿಗೆ ಕ್ಯಾರೊಟಿನ್ನೇ ಕಾರಣ, ಎಣ್ಣೆಯನ್ನು ತಿಳಿಗೊಳಿಸುವಾಗ ಅದು ಕಳೆದುಹೋಗುತ್ತದೆ. ಕೆಂಪು ಎಣ್ಣೆಯನ್ನೇ ತಿಂಡಿಗಳಲ್ಲಿ ಬಳಸುವ ಪ್ರಯೋಗಗಳನ್ನು ಸಿ. ರುಕ್ಮಿಣಿ ಮತ್ತು ಸಹೋದ್ಯೋಗಿಗಳು ಹೈದರಾಬಾದಿನಲ್ಲಿ 1990ರ ದಶಕದಲ್ಲಿ ನಡೆಸಿದರೂ ಅದು ಮನೆಬಳಕೆಗೆ ಇಳಿಯಲಿಲ್ಲ.

ಬೀದರದ ಗಡಿಗೆ ಹತ್ತಿರದ ಜಹೀರಾಬಾದಿನಲ್ಲಿ ಬೇರೆಯದೇ ದಾರಿ ತೆರೆಯಿತು. ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳಾ ಸಂಘಗಳು ಜೋಳ, ನವಣೆ, ಸಾಮೆಗಳ ಮಿಶ್ರಬೇಸಾಯವನ್ನು ಉಳಿಸಿಕೊಂಡವು. ಹೊಲದಲ್ಲಿ ತಾನಾಗಿ ಹುಟ್ಟುವ ಸೊಪ್ಪು ಕಳೆಯಲ್ಲ, ಆಹಾರ ಎಂಬುದನ್ನು ಅವು ಎತ್ತಿಹಿಡಿದವು. ಕಳೆನಾಶಕ ಬಿದ್ದ ಹೊಲದಲ್ಲಿ ಇಂಥ ಸೊಪ್ಪು ಉಳಿಯುವುದಿಲ್ಲ. ಬೇಸಾಯದ ಕ್ರಮಕ್ಕೂ ವಯಸ್ಕರ ಕ್ಯಾರೊಟಿನ್ ಸೇವನೆಗೂ ಇರುವ ನಂಟು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟರಲ್ಲಿ ವಯಸ್ಕರ ವಿಷಯದಲ್ಲಿ ಪ್ರಶ್ನೆಯೇ ಹಿಗ್ಗಿತು. ವಿಟಮಿನ್ ಎ ಆಗದ ಲ್ಯೂಟಿನ್, ಜಿಯಾಕ್ಸಾಂಥಿನ್‌ಗಳು ಅಕ್ಷಿಪಟಲದ ನಡುಭಾಗದಲ್ಲಿ ನೆಲೆಸುತ್ತವೆ. ಟೊಮೆಟೊದ ಕೆಂಪು ಲೈಕೊಪಿನ್‌ನದು. ಮಾತ್ರೆಯಿಂದ ಲಾಭವಿದೆ ಎಂಬ ನಂಬಿಕೆಗೆ ಫಿನ್ಲೆಂಡಿನ ಅಧ್ಯಯನ 1994ರಲ್ಲಿ ಪೆಟ್ಟು ಕೊಟ್ಟಿತು: ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಗಮನ ಮತ್ತೆ ಊಟದ ಕಡೆಗೇ ತಿರುಗಿತು. ಹೈದರಾಬಾದಿನ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ 528 ಆಹಾರಗಳಿವೆ. ಲ್ಯೂಟಿನ್, ಜಿಯಾಕ್ಸಾಂಥಿನ್, ಲೈಕೊಪಿನ್, ಆಲ್ಫಾ ಮತ್ತು ಬೀಟಾ ಕ್ಯಾರೊಟಿನ್‌ಗಳಿಗೆ ಬೇರೆ ಬೇರೆ ಕಲಮುಗಳಿವೆ. ಕೂನೂರಿನಲ್ಲಿ ಆರಂಭವಾದ ಎಣಿಕೆ ಬಣ್ಣ ಬಣ್ಣವನ್ನೂ ಬಿಡಿಸಿ ಹೇಳುವ ಹಂತಕ್ಕೆ ಬಂದದ್ದು ಹೀಗೆ.

ವಯಸ್ಕರಿಗೆ ದಿನಕ್ಕೆ ಬೇಕಾದ ವಿಟಮಿನ್ ಎ ಪ್ರಮಾಣವನ್ನು 2020ರ ಶಿಫಾರಸು ಗಂಡಸರಿಗೆ 1000, ಹೆಂಗಸರಿಗೆ 840 ಮೈಕ್ರೊಗ್ರಾಂಗೆ ಏರಿಸಿತು. ಗುರಿ ಹೀಗೆ ಎತ್ತರವಾಗಿದೆ, ಅದನ್ನು ಮುಟ್ಟಿಸಬಲ್ಲ ಪದಾರ್ಥಗಳು ಹಳೆಯವೇ. ಸೊಪ್ಪನ್ನು ಬೇಯಿಸಿದಾಗ ಅದರ ಜೀವಕೋಶಗಳು ಒಡೆದು ಕ್ಯಾರೊಟಿನ್ ಹೊರಬರುತ್ತದೆ. ಕೊಬ್ಬಿನಲ್ಲಿ ಕರಗುವ ಅದನ್ನು ಕರುಳು ಹೀರಿಕೊಳ್ಳಲು ಸ್ವಲ್ಪ ಎಣ್ಣೆ ಬೇಕು. ಎಣ್ಣೆ ಒಗ್ಗರಣೆ ಹಾಕಿದ ರಾಜಗಿರಿ ಪಲ್ಯ, ಶೇಂಗಾ ಸೇರಿಸಿದ ಪುಂಡಿ ಪಲ್ಯ ಈ ಎರಡೂ ಅಗತ್ಯಗಳನ್ನು ಪೂರೈಸುತ್ತವೆ. ನಾಲ್ಕು ದಶಕಗಳ ಸಮೀಕ್ಷೆ ಎತ್ತಿ ತೋರಿಸಿದ ಕೊರತೆ ಪ್ರಮಾಣದ್ದು. ಸೊಪ್ಪು ಅಗ್ಗವಾಗಿ, ಋತುವಿಡೀ ಸಿಗುವಂತೆ ಮಾಡುವ ಬೇಸಾಯ ಮತ್ತು ಸಂತೆಯಿಂದಲೇ ಅದು ನೀಗಬೇಕು.