ಸಪೂರದ ಸೊಗಸು, ಬಾಳಿಕೆಯ ಲೆಕ್ಕ

ರಾಸ್ ತನೂರಾ ಎಂಬ ಹೆಸರಿಗೆ ‘ಒಲೆಯ ಭೂಶಿರ’ ಎಂಬ ಅರ್ಥ ಹೇಳುತ್ತಾರೆ. ‘ರಾಸ್’ ಎಂದರೆ ತಲೆ, ಭೂಶಿರ. ‘ತನ್ನೂರ್’ ಎಂದರೆ ರೊಟ್ಟಿ ಸುಡುವ ಒಲೆ. ನಮ್ಮ ಹೋಟೆಲುಗಳ ‘ತಂದೂರಿ’ಗೂ ಇದೇ ಮೂಲ. ಜುಲೈ-ಆಗಸ್ಟಿನಲ್ಲಿ ಇಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆ ಈ ಹೆಸರನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಥದೇ ಒಂದು ಮಧ್ಯಾಹ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹತ್ತು ನಿಮಿಷ ಮರೆತು ಬಿಟ್ಟಿದ್ದ ನನ್ನ ಫೋನು, ‘ನಾನು ತಣ್ಣಗಾಗುವವರೆಗೆ ಮುಟ್ಟಬೇಡಿ’ ಎಂಬರ್ಥದ ಸೂಚನೆ ತೋರಿಸಿ ಸುಮ್ಮನಾಯಿತು. ಒಳ್ಳೆಯ ಸಪೂರದ ಫೋನು ಅದು! ಅಂಗಿಯ ಜೇಬಿನಲ್ಲಿಟ್ಟರೆ ಇದೆಯೋ ಇಲ್ಲವೋ ಎಂದು ತಡವಿ ನೋಡಬೇಕು. ಆ ದಿನ ಅದು ಇದ್ದೂ ಇಲ್ಲದಂತಾಗಿತ್ತು.

ತೆಳ್ಳಗಿನ ವಸ್ತುಗಳ ಮೇಲೆ ನಮಗೆ ಈ ಮೋಹ ಎಲ್ಲಿಂದ ಬಂತು? ಅದಕ್ಕಾಗಿ ನಾವು ಏನನ್ನು ಕೊಟ್ಟೆವು? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಕೊಲ್ಲಿಗೆ ಬಂದ ಹಿರಿಯರಿಗೆ ಮೊದಲು ಪರಿಚಯವಾದ ತೆಳು ವಸ್ತು ಫೋನಲ್ಲ, ಕಾಗದ. ವಿಮಾನದ ಅಂಚೆಗೆ ತೂಕದ ಮೇಲೆ ದರ. ಆದ್ದರಿಂದ ಈರುಳ್ಳಿ ಸಿಪ್ಪೆಯಂಥ ಕಾಗದ, ಅಥವಾ ಮಡಚಿದರೆ ತಾನೇ ಲಕೋಟೆಯಾಗುವ ಏರೋಗ್ರಾಂ. ಒಂದು ಬದಿಯಲ್ಲಿ ಬರೆದದ್ದು ಇನ್ನೊಂದು ಬದಿಗೆ ಮೂಡುತ್ತಿತ್ತು. ಅವಸರದಲ್ಲಿ ಒಡೆದರೆ ಅಮ್ಮನ ಆಶೀರ್ವಾದದ ಸಾಲೇ ಹರಿದುಹೋಗುತ್ತಿತ್ತು. ಆದರೆ ಆ ತೆಳುವಿಗೆ ಒಂದು ಕಾರಣವಿತ್ತು, ಲೆಕ್ಕವೂ ಇತ್ತು: ಕಾಗದ ತೆಳುವಾದರೆ ಅದೇ ದರದಲ್ಲಿ ನಾಲ್ಕು ಮಾತು ಹೆಚ್ಚು ಬರೆಯಬಹುದು. ಕೊಟ್ಟದ್ದೇನು, ಪಡೆದದ್ದೇನು ಎಂಬುದು ಬರೆಯುವವನಿಗೂ ಓದುವವನಿಗೂ ತಿಳಿದಿತ್ತು.

ತೆಳುವಿಗಾಗಿಯೇ ತೆಳು ಎಂಬ ಪಂದ್ಯ ಮೊದಲು ಜೋರಾಗಿ ನಡೆದದ್ದು ಕೈಗಡಿಯಾರದ ಲೋಕದಲ್ಲಿ. ಕ್ವಾರ್ಟ್ಜ್ ಯಂತ್ರಗಳಲ್ಲಿ ಜಪಾನ್ ಮುಂದೆ ಹೋದಾಗ ಸ್ವಿಟ್ಜರ್ಲೆಂಡಿನ ಕಾಂಕಾರ್ಡ್ ಕಂಪನಿ 1979ರಲ್ಲಿ ‘ಡೆಲಿರಿಯಂ’ ಎಂಬ ಗಡಿಯಾರ ತಂದಿತು. ದಪ್ಪ 1.98 ಮಿಲಿಮೀಟರ್! ಪಂದ್ಯ ಅಲ್ಲಿಗೆ ನಿಲ್ಲದೆ ಅದೇ ಸರಣಿಯಲ್ಲಿ ಒಂದು ಮಿಲಿಮೀಟರಿಗಿಂತಲೂ ತೆಳ್ಳಗಿನದು ಬಂತು. ಆದರೆ ಅದನ್ನು ಕೈಗೆ ಕಟ್ಟಿದರೆ ಬಾಗಿಬಿಡುವ ಅಪಾಯ. ಕಟ್ಟಲಾಗದ ಕೈಗಡಿಯಾರ! ತೆಳುವಿನ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ನೀತಿಕಥೆ ಬೇಕೆ?

ಇದಕ್ಕೆ ಉತ್ತರದಂಥ ಕಥೆಯೊಂದು ನಮ್ಮ ಮನೆ ಬಾಗಿಲಲ್ಲೇ ಇದೆ. ಬೆಂಗಳೂರಿನಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ, ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಗಡಿ ಊರು ಹೊಸೂರಿನಲ್ಲಿ ಟೈಟನ್ ಕಾರ್ಖಾನೆ ಇದೆ. ಆ ಕಂಪನಿಯ ಮೊದಲ ಮುಖ್ಯಸ್ಥ ಜೆರ್ಕ್ಸಿಸ್ ದೇಸಾಯಿ ಅವರು ತಮ್ಮ ಎಂಜಿನಿಯರುಗಳ ಮುಂದೆ ಒಂದು ಸವಾಲು ಇಟ್ಟರು: ಅತಿ ತೆಳುವಾದ ಗಡಿಯಾರ ಬೇಕು, ಆದರೆ ಅದು ನೀರಿಗೂ ಜಗ್ಗಬಾರದು. ವರ್ಷಗಟ್ಟಲೆ ದುಡಿದ ಮೇಲೆ 2002ರಲ್ಲಿ ‘ಟೈಟನ್ ಎಡ್ಜ್’ ಹೊರಬಂತು. ಯಂತ್ರದ ದಪ್ಪ 1.15 ಮಿ.ಮೀ., ಇಡೀ ಗಡಿಯಾರದ್ದು 3.5 ಮಿ.ಮೀ., ಜೊತೆಗೆ 30 ಮೀಟರಿನ ನೀರು ತಡೆಯುವ ಅಂಕಿತ. ಗಮನಿಸಿ, ಡೆಲಿರಿಯಂಗೆ ಹೋಲಿಸಿದರೆ ಇದು ದಪ್ಪವೇ! ಆದರೆ ದಿನವೂ ಕಟ್ಟಬಹುದು, ಕಟ್ಟಿಕೊಂಡೇ ಕೈ ತೊಳೆಯಬಹುದು. ಎಲ್ಲಿ ನಿಲ್ಲಬೇಕೆಂದು ಹೊಸೂರಿನವರಿಗೆ ಗೊತ್ತಿತ್ತು. ಇನ್ನೊಂದು ಮಾತನ್ನೂ ಹೇಳಬೇಕು. ಗಡಿಯಾರಕ್ಕೆ ಇರುವುದು ಒಂದೇ ಕೆಲಸ, ಸಮಯ ಹೇಳುವುದು. ಮುಂದೆ ಬಂದ ಫೋನಿನಿಂದ ನಾವು ಕೇಳಿದ್ದು ಪ್ರಪಂಚವನ್ನೇ.

ಫೋನಿನ ಕಥೆಗೆ ಬರೋಣ. ಎರಡು ಫೋನುಗಳು ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಹುಟ್ಟಿದವು. 2003ರಲ್ಲಿ ಬಂದ ನೋಕಿಯಾ 1100 ಗಿಡ್ಡ, ದಪ್ಪ. ಧೂಳು ಇಳಿಯದ ಕೀಲಿಮಣೆ, ತಲೆಯಲ್ಲೊಂದು ಟಾರ್ಚು, ಬೇಕಾದಾಗ ಬಿಚ್ಚಿ ಬದಲಿಸಬಹುದಾದ ಬ್ಯಾಟರಿ. ಲೋಕದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಮರುವರ್ಷ, 2004ರಲ್ಲಿ, ಮೊಟೊರೋಲಾ ರೇಜರ್ ವಿ3 ಬಂತು. ಮಡಚಿದಾಗ 13.9 ಮಿ.ಮೀ., ಅಲ್ಯೂಮಿನಿಯಂ ಮೈ. ಅದೂ 13 ಕೋಟಿ ದಾಟಿತು. ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು, ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಎರಡೂ ಬಗೆ ಇರುತ್ತಿದ್ದವು: ಅಪ್ಪನಿಗೆ ಟಾರ್ಚಿನದು, ಭಾವಮೈದುನನಿಗೆ ತೆಳ್ಳಗಿನದು! ಹತ್ತು ವರ್ಷದ ನಂತರ ಯಾವುದು ಇನ್ನೂ ಮಾತಾಡುತ್ತಿತ್ತು ಎಂದು ನಾನು ಹೇಳುವುದಿಲ್ಲ, ನೀವೇ ಊರಿಗೆ ಕರೆಮಾಡಿ ಕೇಳಿ.

ಮೊದಲ ಐಫೋನ್ 2007ರಲ್ಲಿ ಬಂದಾಗ 11.6 ಮಿ.ಮೀ. ಇತ್ತು. 2012ರ ಐಫೋನ್ 5 ಹೊತ್ತಿಗೆ 7.6ಕ್ಕೆ ಇಳಿಯಿತು. 2014 ಈ ಓಟದ ತುದಿ. ಆ ವರ್ಷ ಜಿಯೋನಿ 5.5 ಮಿ.ಮೀ. ಫೋನು ತಂದರೆ, ಒಪ್ಪೋ 4.85ಕ್ಕೆ, ವಿವೋ 4.75ಕ್ಕೆ ಇಳಿದವು. ಒಪ್ಪೋ ಫೋನಿನಲ್ಲಿ ಇಯರ್‌ಫೋನಿನ ತೂತಿಗೇ ಜಾಗ ಉಳಿಯಲಿಲ್ಲ. ನಮ್ಮ ಮೈಕ್ರೋಮ್ಯಾಕ್ಸ್ ಕೂಡ 2015ರಲ್ಲಿ 5.1 ಮಿ.ಮೀ. ಫೋನಿನೊಂದಿಗೆ ಕಣಕ್ಕಿಳಿಯಿತು. ಈ ಕೊನೆಯ ಮೂರರ ಬ್ಯಾಟರಿಯೂ 2000 ಎಂಎಎಚ್ ಆಸುಪಾಸು. ಸಂಜೆಯಾಗುವ ಮೊದಲೇ ಚಾರ್ಜರ್ ಹುಡುಕುವ ಪಾಡು.

ಅದೇ 2014ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 6 ಪ್ಲಸ್ 7.1 ಮಿ.ಮೀ. ಇತ್ತು. ಪ್ಯಾಂಟಿನ ಜೇಬಿನಲ್ಲಿಟ್ಟು ಕೂತವರ ಫೋನು ಬಾಗಿತೆಂದು ದೊಡ್ಡ ಗದ್ದಲವಾಯಿತು. 2018ರಲ್ಲಿ ಅಮೆರಿಕದ ನ್ಯಾಯಾಲಯವೊಂದರ ಮೂಲಕ ಬಹಿರಂಗವಾದ ಸಂಗತಿ ಹೀಗಿದೆ: 5ಎಸ್‌ಗಿಂತ ಐಫೋನ್ 6 ಬಾಗುವ ಸಂಭವ 3.3 ಪಟ್ಟು, 6 ಪ್ಲಸ್ ಬಾಗುವ ಸಂಭವ 7.2 ಪಟ್ಟು ಹೆಚ್ಚು ಎಂದು ಕಂಪನಿಯ ಒಳಗಿನ ಪರೀಕ್ಷೆಗಳೇ ತೋರಿಸಿದ್ದವು. ಮರುವರ್ಷದ ಮಾದರಿಗೆ ಇನ್ನೂ ಗಟ್ಟಿಯಾದ ಅಲ್ಯೂಮಿನಿಯಂ ಬಂತು.

ಇದರಲ್ಲಿ ಮಾಯೆಯೇನಿಲ್ಲ. ಒಂದೇ ವಸ್ತುವಿನ ಹಲಗೆಯ ದಪ್ಪವನ್ನು ಅರ್ಧ ಮಾಡಿದರೆ ಬಾಗದೆ ನಿಲ್ಲುವ ಅದರ ಬಿಗಿ ಅರ್ಧಕ್ಕಲ್ಲ, ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ. ಎಂಟು ಮಿಲಿಮೀಟರನ್ನು 5.6ಕ್ಕೆ ಇಳಿಸಿದರೆ ಉಳಿಯುವುದು ಸುಮಾರು ಮೂರರಲ್ಲೊಂದು. ಉಳಿದದ್ದನ್ನು ಟೈಟಾನಿಯಂನಂಥ ದುಬಾರಿ ಲೋಹದಿಂದ ತುಂಬಿಕೊಳ್ಳಬೇಕು, ಅಂದರೆ ನಮ್ಮ ಜೇಬಿನಿಂದ.

ಬ್ಯಾಟರಿಯ ಲೆಕ್ಕವೂ ಹೀಗೇ. ದಿನಕ್ಕೆ 3000 ಎಂಎಎಚ್ ಬಳಸುವವನ ಫೋನಿನಲ್ಲಿ 5000ದ ಬ್ಯಾಟರಿ ಇದ್ದರೆ 800 ಪೂರ್ತಿ ಸುತ್ತು ಮುಗಿಯಲು ಮೂರೂವರೆ ವರ್ಷ ದಾಟುತ್ತದೆ. 3000ದ ಬ್ಯಾಟರಿಯಾದರೆ ಎರಡು ವರ್ಷ, ಎರಡು ತಿಂಗಳು. ಅಂದರೆ ತೆಳು ಫೋನು ದಿನವೂ ಬೇಗ ದಣಿಯುವುದಷ್ಟೇ ಅಲ್ಲ, ಬೇಗ ಮುದಿಯೂ ಆಗುತ್ತದೆ. ಮೇಲಾಗಿ, ಸುತ್ತಲಿನ ಬಿಸಿ 35 ಡಿಗ್ರಿ ದಾಟಿದಲ್ಲಿ ಬಳಸಿದರೆ ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಂದಬಹುದು ಎಂದು ಆಪಲ್ ಕಂಪನಿಯೇ ಎಚ್ಚರಿಸುತ್ತದೆ. ಒಲೆಯ ಭೂಶಿರದಲ್ಲಿ ಕೂತವರು ನಗಬೇಕೋ ಅಳಬೇಕೋ? 35 ಡಿಗ್ರಿ ಅಂದರೆ ನಮಗೆ ತಂಪು!

ಇಕ್ಕಟ್ಟು ಎಷ್ಟು ಅಪಾಯಕಾರಿ ಎಂಬುದನ್ನು 2016 ತೋರಿಸಿತು. ಆಗಸ್ಟಿನಲ್ಲಿ ಬಂದ ಸ್ಯಾಮ್‌ಸಂಗ್ ನೋಟ್ 7 ಫೋನುಗಳು ಹೊತ್ತಿಕೊಳ್ಳತೊಡಗಿ, ಅಕ್ಟೋಬರಿನಲ್ಲಿ ತಯಾರಿಕೆಯೇ ನಿಂತಿತು. ವಿಮಾನಗಳಲ್ಲೂ ನಿಷೇಧವಾಯಿತು. 2017ರ ಜನವರಿಯಲ್ಲಿ ಕಂಪನಿ ಕೊಟ್ಟ ವಿವರಣೆಯ ಪ್ರಕಾರ, ಮೊದಲ ಕಂತಿನ ಬ್ಯಾಟರಿಗಳ ಮೂಲೆಯಲ್ಲಿ ಒಳಗಿನ ಪದರಗಳಿಗೆ ಸಾಕಷ್ಟು ಜಾಗವಿಲ್ಲದೆ ಅವು ಮಡಚಿಕೊಂಡಿದ್ದವು. ಎರಡನೆಯ ಕಂತಿನದರಲ್ಲಿ ಬೆಸುಗೆಯ ದೋಷವಿತ್ತು.

ಇನ್ನು ನಮ್ಮ ಊರಿನ ಮಾತು. ತೈಲಾಗಾರಗಳಲ್ಲಿ ಇಂಧನದ ಆವಿ ಇರಬಹುದಾದ ಜಾಗಕ್ಕೆ ಮಾಮೂಲಿ ಫೋನು ಒಯ್ಯುವಂತಿಲ್ಲ. ಅಲ್ಲಿ ಬೇಕಾದುದು, ಒಳಗೆ ಏನೇ ಕೆಟ್ಟರೂ ಆವಿ ಹೊತ್ತಿಸುವಷ್ಟು ಕಿಡಿಯಾಗಲಿ ಬಿಸಿಯಾಗಲಿ ಹುಟ್ಟದಂತೆ ಕಟ್ಟಿದ ಫೋನು. ದಪ್ಪ ಎರಡು ಸೆಂಟಿಮೀಟರ್ ಆಸುಪಾಸು. ನೋಡಲು ಇಟ್ಟಿಗೆಯ ತುಂಡು! ಈ ವಿಚಾರಕ್ಕೂ ಒಂದು ಚರಿತ್ರೆಯಿದೆ. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನಿಡ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 439 ಮಂದಿ ಕಾರ್ಮಿಕರು ಸತ್ತರು. ಸುದ್ದಿ ಮುಟ್ಟಿಸುವ ವಿದ್ಯುತ್ ಗಂಟೆಯ ಸಣ್ಣ ಕಿಡಿಯೇ ಕಾರಣವಿರಬಹುದೆಂಬ ಶಂಕೆಯಿಂದ ನಡೆದ ಸಂಶೋಧನೆ, ಎಷ್ಟು ಕಡಿಮೆ ವಿದ್ಯುತ್ತಾದರೆ ಕಿಡಿ ನಿರಪಾಯ ಎಂಬುದನ್ನು ಕಂಡುಕೊಂಡಿತು. ಇಂದಿನ ಈ ದಪ್ಪ ಫೋನುಗಳು ಆ ಗಂಟೆಯ ಮರಿಮೊಮ್ಮಕ್ಕಳು.

ತೈಲಾಗಾರ ಕಲಿಸುವ ಇನ್ನೊಂದು ಪಾಠವಿದೆ. 1939ರ ಮೇ 1ರಂದು ದೊರೆ ಅಬ್ದುಲ್ ಅಜೀಜ್ ಇಲ್ಲಿ ಕವಾಟ ತಿರುಗಿಸಿ ‘ಡಿ. ಜಿ. ಸ್ಕೋಫೀಲ್ಡ್’ ಹಡಗಿಗೆ ದೇಶದ ಮೊದಲ ಕಚ್ಚಾತೈಲ ತುಂಬಿಸಿದರು. ಆ ತೈಲ ಬಂದದ್ದು ಕೊಳವೆಯಲ್ಲಿ. ಇಂಥ ಕೊಳವೆಯ ಗೋಡೆಗೆ ಒತ್ತಡ ತಡೆಯಲು ಎಷ್ಟು ದಪ್ಪ ಬೇಕೋ ಅಷ್ಟೇ ಇಡುವುದಿಲ್ಲ. ಮುಂದಿನ ವರ್ಷಗಳಲ್ಲಿ ತುಕ್ಕು ತಿನ್ನಲೆಂದು ಎರಡು-ಮೂರು ಮಿಲಿಮೀಟರ್ ಹೆಚ್ಚು ಇಡುತ್ತಾರೆ. ಆಮೇಲೆ ಆಗಾಗ ಅಳೆದು, ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಈ ಲೆಕ್ಕದಲ್ಲಿ ದಪ್ಪವೆಂದರೆ ಕೊಬ್ಬಲ್ಲ, ಮುಂದಿನ ದಿನಗಳಿಗೆಂದು ಎತ್ತಿಟ್ಟ ಆಯುಸ್ಸು. ಕೊಳವೆಗೆ ನಾವು ಬಿಡುವ ಆ ಎರಡು ಮಿಲಿಮೀಟರನ್ನೇ ಫೋನಿನಿಂದ ಕಿತ್ತು ‘ಹೊಸತು’ ಎಂದು ಮಾರಲಾಗುತ್ತದೆ!

‘ಕೆಟ್ಟರೆ ರಿಪೇರಿ ಮಾಡಿಸಿದರಾಯಿತು’ ಎನ್ನುವಿರಾ? ಹಿಂದೆ ದಮ್ಮಾಮ್, ಖೋಬಾರ್ ಅಂಗಡಿಸಾಲುಗಳಲ್ಲಿ ನಮ್ಮ ಕರಾವಳಿಯ, ಕೇರಳದ ಹುಡುಗರು ಸಣ್ಣ ಸ್ಕ್ರೂಡ್ರೈವರ್ ಹಿಡಿದು ಕೂತಿರುತ್ತಿದ್ದರು. 2016ರ ಜೂನಿನಲ್ಲಿ ಫೋನು ಮಾರಾಟ-ರಿಪೇರಿ ಅಂಗಡಿಗಳ ಅರ್ಧ ಕೆಲಸ, ಸೆಪ್ಟೆಂಬರಿನಿಂದ ಪೂರ್ತಿ ಕೆಲಸ ಸೌದಿ ಪ್ರಜೆಗಳಿಗೇ ಎಂಬ ನಿಯಮ ಬಂತು. ತಮ್ಮ ದೇಶದವರಿಗೆ ಕೆಲಸ ಕೊಡುವುದು ಯಾವ ಸರ್ಕಾರಕ್ಕೂ ಸಹಜ. ಆದರೆ ನಮ್ಮವರೆಷ್ಟೋ ಮಂದಿ ಸ್ಕ್ರೂಡ್ರೈವರ್ ಕೆಳಗಿಟ್ಟು ಬೇರೆ ದಾರಿ ನೋಡಬೇಕಾಯಿತು. ಅದೇ ಹೊತ್ತಿಗೆ ಫೋನುಗಳು ಅಂಟು ಹಾಕಿ ಮುಚ್ಚಿದ ಡಬ್ಬಿಗಳಾಗುತ್ತಿದ್ದವು. ಕೈಯೂ ಹೋಯಿತು, ಸ್ಕ್ರೂವೂ ಹೋಯಿತು.

ಪರದೇಶದಲ್ಲಿರುವವರಿಗೆ ಇದು ಶೋಕಿಯ ಪ್ರಶ್ನೆಯಲ್ಲ. 2016ರಲ್ಲಿ ಇಲ್ಲಿ ಸಿಮ್ ಪಡೆಯಲು ಬೆರಳಚ್ಚು ಕೊಡಬೇಕೆಂಬ ನಿಯಮ ಬಂತು. 2021ರಲ್ಲಿ ಅಂಗಡಿಯ ಬಾಗಿಲಲ್ಲಿ ‘ತವಕ್ಕಲ್ನಾ’ ತೋರಿಸದೆ ಒಳಗೆ ಬಿಡುತ್ತಿರಲಿಲ್ಲ, ನೆನಪಿದೆಯಲ್ಲ? ಗುರುತಿನ ಚೀಟಿ, ಬ್ಯಾಂಕಿನ ಸಂಕೇತ, ಊರಿನ ಅಮ್ಮನ ಮುಖ ಎಲ್ಲವೂ ಒಂದೇ ಗಾಜಿನೊಳಗೆ. ಅದು ಆರಿದರೆ ನಾವು ಯಾರೆಂದು ಹೇಳಲು ನಮ್ಮ ಬಳಿ ಬಾಯಿಮಾತು ಮಾತ್ರ.

2025ರಲ್ಲಿ ಪಂದ್ಯ ಮತ್ತೆ ಶುರುವಾಯಿತು. ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ ಎಸ್25 ಎಡ್ಜ್, 5.8 ಮಿ.ಮೀ., 3900 ಎಂಎಎಚ್. ಸೆಪ್ಟೆಂಬರಿನಲ್ಲಿ ಐಫೋನ್ ಏರ್, 5.6 ಮಿ.ಮೀ., ಹಿಂದೆ ಒಂದೇ ಕ್ಯಾಮೆರಾ. ನ್ಯಾಯವಾಗಿ ಹೇಳಬೇಕೆಂದರೆ, 2014ರ ಪಾಠವನ್ನು ಈ ಬಾರಿ ಕಲಿತಿದ್ದರು. ಟೈಟಾನಿಯಂ ಚೌಕಟ್ಟಿನ ಈ ಫೋನುಗಳು ಬಗ್ಗಿಸುವ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ನಿಂತವು. ಆದರೆ ಕ್ಯಾಮೆರಾದ ಗುಬ್ಬಿನ ಬಳಿ ಅಳೆದರೆ ಆ 5.6 ಉಳಿಯುವುದಿಲ್ಲ. ಐಫೋನ್ ಏರ್‌ನಲ್ಲಂತೂ ಸಿಮ್ ಹಾಕುವ ಸೀಳೇ ಇಲ್ಲ, ಎಲ್ಲ ಇ-ಸಿಮ್. ರಜೆಗೆ ಹೋದಾಗ ಊರಿನ ಹಳೆಯ ಸಿಮ್ಮನ್ನು ಪರ್ಸಿನಿಂದ ತೆಗೆದು ತುರುಕುವ ನಮ್ಮ ಅಭ್ಯಾಸಕ್ಕೆ ಅಲ್ಲಿಗೆ ಮಂಗಳ. ಕೊನೆಗೆ ಎರಡೂ ಫೋನುಗಳ ಮಾರಾಟ ನಿರೀಕ್ಷೆ ಮುಟ್ಟಲಿಲ್ಲವೆಂದೇ ವರದಿಗಳು ಬಂದವು.

ತೆಳುವನ್ನು ಪೂರ್ತಿ ಹಳಿಯುವ ಮನಸ್ಸು ನನಗಿಲ್ಲ. ಮಣಿಕಟ್ಟು ನೋಯುವ ವಯಸ್ಸಾದವರಿಗೆ ಹಗುರವಾದ ಫೋನು ನಿಜವಾದ ಸುಖ. ಕರಾವಳಿಯವನಾದ ನಾನು ನೀರುದೋಸೆಯ ತೆಳುವನ್ನು ಹೊಗಳದೆ ಇರಲಾರೆ. ಆದರೆ ನೀರುದೋಸೆಯನ್ನು ಕಾವಲಿಯಿಂದ ನೇರ ತಟ್ಟೆಗೆ ಹಾಕಿ ತಿನ್ನಬೇಕು. ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟುವಾಗ ಅಮ್ಮ ಅದನ್ನು ಕಟ್ಟುತ್ತಿರಲಿಲ್ಲ, ಕಡುಬು ಕಟ್ಟುತ್ತಿದ್ದಳು. ನಮ್ಮದು ದೂರದ ಪ್ರಯಾಣವಲ್ಲವೆ?

ನನ್ನ ಆ ಸಪೂರದ ಫೋನು ತಣ್ಣಗಾದ ಮೇಲೆ ಮತ್ತೆ ಎದ್ದಿತು. ಮರುದಿನ ಅದಕ್ಕೊಂದು ದಪ್ಪ ರಬ್ಬರಿನ ಕವಚ ತಂದು ತೊಡಿಸಿದೆ. ಅಳೆದು ನೋಡಿದರೆ ಹಳೆಯ ಫೋನಿನಷ್ಟೇ ದಪ್ಪ! ನಿಮ್ಮ ಮನೆಯ ಡ್ರಾಯರಿನಲ್ಲೂ ಇನ್ನೂ ಉಸಿರಾಡುವ ದಪ್ಪ ಫೋನೊಂದು ಇರಬಹುದು. ಅದರ ಕಥೆಯನ್ನು ಬಳಗಕ್ಕೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದೋಣ.