ಹಗುರ ಹಾಯಿದೋಣಿಯಲ್ಲಿ ಮಹಾಸಾಗರ ದಾಟಬಹುದೇ? ಲಂಗರು ಎತ್ತುವ ಮುನ್ನ ಆಗಬೇಕಾದ ಸಿದ್ಧತೆ ಏನೇನು?

2014ರ ಮೇ 4. ಕೆರಿಬಿಯನ್‌ನ ಆಂಟಿಗುವಾ ದ್ವೀಪದಿಂದ ಇಂಗ್ಲೆಂಡ್‌ನ ಸೌತಾಂಪ್ಟನ್‌ಗೆ 'ಚೀಕಿ ರಫೀಕಿ' ಎಂಬ 40 ಅಡಿಯ ಹಾಯಿದೋಣಿ ಹೊರಟಿತು. ಅದರಲ್ಲಿ ನಾಲ್ವರು ಬ್ರಿಟಿಷರಿದ್ದರು. ಅರ್ಧ ದಾರಿಯಲ್ಲಿ, ದೋಣಿಯೊಳಗೆ ನೀರು ಬರುತ್ತಿದೆ ಎಂದು ಅವರು ದಡದಲ್ಲಿದ್ದವರಿಗೆ ತಿಳಿಸಿದರು. ಆ ನಂತರ ಸಂಪರ್ಕ ಕಡಿದುಹೋಯಿತು. ಮರುದಿನ ಹಡಗೊಂದರ ಕಣ್ಣಿಗೆ ಬಿದ್ದದ್ದು ಬುಡಮೇಲಾಗಿ ತೇಲುತ್ತಿದ್ದ ಅದರ ಒಡಲು. ತಳದಲ್ಲಿ ಇರಬೇಕಿದ್ದ ಕೀಲ್ ಮಾಯವಾಗಿತ್ತು. ನಾಲ್ವರೂ ಸಿಗಲಿಲ್ಲ. ಜೀವರಕ್ಷಕ ತೆಪ್ಪ ಮಾತ್ರ ಇಟ್ಟ ಜಾಗದಲ್ಲೇ ಇತ್ತು.

ಇದಕ್ಕೆ ತದ್ವಿರುದ್ಧವಾದ ಕಥೆಗಳೂ ಇವೆ. ಅಮೆರಿಕದ ಮ್ಯಾಟ್ ರದರ್‌ಫೋರ್ಡ್ 2011-12ರಲ್ಲಿ ಕೇವಲ 27 ಅಡಿಯ ಹಳೆಯ 'ಆಲ್ಬಿನ್ ವೇಗಾ' ದೋಣಿಯಲ್ಲಿ ಒಬ್ಬರೇ, ಯಾವ ಬಂದರಿಗೂ ಇಳಿಯದೆ, ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳೆರಡನ್ನೂ ಸುತ್ತಿ ಬಂದರು. 309 ದಿನಗಳಲ್ಲಿ ಅವರು ಕ್ರಮಿಸಿದ್ದು 27 ಸಾವಿರ ಮೈಲಿಗೂ ಹೆಚ್ಚು ದೂರ. ವೆಬ್ ಚೈಲ್ಸ್ 2014ರಲ್ಲಿ ಸ್ಯಾನ್ ಡಿಯಾಗೋದಿಂದ 24 ಅಡಿಯ 'ಗ್ಯಾನೆಟ್' ದೋಣಿಯಲ್ಲಿ ಹೊರಟು 2019ರಲ್ಲಿ ಭೂಪ್ರದಕ್ಷಿಣೆ ಮುಗಿಸಿದಾಗ ಅವರಿಗೆ 77 ವರ್ಷ. ಆ ದೋಣಿಯ ತೂಕ ಒಂದು ಟನ್ ಕೂಡ ಇಲ್ಲ.

ಈ ಮೂರೂ ದೋಣಿಗಳು ಕಾರ್ಖಾನೆಯಲ್ಲಿ ಒಂದೇ ಅಚ್ಚಿನಿಂದ ಸಾಲುಸಾಲಾಗಿ ಹೊರಬಂದ ಫೈಬರ್‌ಗ್ಲಾಸ್ ದೋಣಿಗಳು. ಇವನ್ನು 'ಪ್ರೊಡಕ್ಷನ್ ಬೋಟ್' ಎನ್ನುತ್ತಾರೆ. ಬೆಲೆ ಕಡಿಮೆ, ವೇಗ ಹೆಚ್ಚು. ಇವುಗಳಲ್ಲಿ ಹೆಚ್ಚಿನವು ವಾರಾಂತ್ಯದಲ್ಲಿ ದಡದ ಹತ್ತಿರವೇ ಸುತ್ತಾಡುತ್ತವೆ. ಅಂಥ ದೋಣಿಯನ್ನು ವಾರಗಟ್ಟಲೆ ದಡ ಕಾಣದ ಪ್ರಯಾಣಕ್ಕೆ ಒಯ್ಯಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

'ಎ' ಅಕ್ಷರವನ್ನು ಎಷ್ಟು ನಂಬಬಹುದು?

ಯುರೋಪಿನಲ್ಲಿ ಮಾರಾಟವಾಗುವ ದೋಣಿಗಳಿಗೆ ಎ, ಬಿ, ಸಿ, ಡಿ ಎಂಬ ವರ್ಗಗಳಿವೆ. ಬ್ಯೂಫೋರ್ಟ್ ಮಾಪನದಲ್ಲಿ 8ಕ್ಕಿಂತ ಜೋರಾದ ಗಾಳಿ ಮತ್ತು 4 ಮೀಟರ್‌ಗಿಂತ ಎತ್ತರದ ಅಲೆಗಳನ್ನು ತಾಳುವಂತೆ ವಿನ್ಯಾಸಗೊಂಡ ದೋಣಿಗೆ 'ಎ' ವರ್ಗ ಸಿಗುತ್ತದೆ. ಇದನ್ನು 'ಸಾಗರ ವರ್ಗ' ಎಂದೂ ಕರೆಯುವುದರಿಂದ, ದೋಣಿ ಕೊಂಡವರು ಬಹಳ ಸಲ ಇಷ್ಟಕ್ಕೇ ಸಮಾಧಾನಪಡುತ್ತಾರೆ. ಆದರೆ ಆ ಅಕ್ಷರ ಹೇಳುವುದು ಹೊಸ ದೋಣಿಯ ವಿನ್ಯಾಸದ ಬಗ್ಗೆ. ಹದಿನೈದು ವರ್ಷದಲ್ಲಿ ಅದು ಎಷ್ಟು ಸಲ ಬಂಡೆಗೆ ತಾಗಿದೆ, ಯಾರು ಹೇಗೆ ರಿಪೇರಿ ಮಾಡಿದ್ದಾರೆ ಎಂಬುದು ಅದರಲ್ಲಿ ಇರುವುದಿಲ್ಲ.

ಮೊದಲು ನೋಡಬೇಕಾದ್ದು ಕೀಲ್

ದೋಣಿಯ ತಳಕ್ಕೆ ಜೋಡಿಸಿದ ಸೀಸ ಅಥವಾ ಕಬ್ಬಿಣದ ಭಾರವಾದ ರೆಕ್ಕೆಯೇ ಕೀಲ್. ಹಾಯಿಗೆ ಗಾಳಿ ಹೊಡೆದು ದೋಣಿ ವಾಲಿದಾಗ ಮತ್ತೆ ಎದ್ದು ನಿಲ್ಲಿಸುವುದು ಇದೇ. ಅನೇಕ ಆಧುನಿಕ ದೋಣಿಗಳಲ್ಲಿ ಇದನ್ನು ಬೋಲ್ಟ್‌ಗಳಿಂದ ಒಡಲಿಗೆ ಬಿಗಿದಿರುತ್ತಾರೆ. ತೆಳುವಾದ ತಳ ಬಾಗದಂತೆ ತಡೆಯಲು ಒಳಗಡೆ ಫೈಬರ್‌ಗ್ಲಾಸ್‌ನ ಚೌಕಟ್ಟೊಂದನ್ನು ಅಂಟಿಸಿರುತ್ತಾರೆ.

ಅಪಾಯ ಇರುವುದು ಈ ಅಂಟಿನಲ್ಲಿ. ಕೀಲ್ ಬಂಡೆಗೆ ಬಡಿದಾಗ ಅದರ ಹಿಂತುದಿ ತಳವನ್ನು ಮೇಲಕ್ಕೆ ಒತ್ತುತ್ತದೆ, ಚೌಕಟ್ಟು ಒಡಲಿನಿಂದ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ಬಣ್ಣ ಕಿತ್ತ ಗೀರಷ್ಟೇ ಕಾಣಬಹುದು. ಚೀಕಿ ರಫೀಕಿ ದುರಂತದ ತನಿಖೆ ನಡೆಸಿದ ಬ್ರಿಟನ್‌ನ ಸಾಗರ ಅಪಘಾತ ತನಿಖಾ ಸಂಸ್ಥೆ 2015ರ ವರದಿಯಲ್ಲಿ ಬೊಟ್ಟು ಮಾಡಿದ್ದು ಇದನ್ನೇ. ಹಿಂದೆ ನೆಲಕ್ಕೆ ತಾಗಿದ್ದು ಮತ್ತು ಆನಂತರದ ರಿಪೇರಿಗಳು ಸೇರಿ ಕೀಲ್ ಜೋಡಣೆಯನ್ನು ದುರ್ಬಲಗೊಳಿಸಿರಬಹುದು ಎಂದು ಅದು ಹೇಳಿತು.

ಹಾಗಾಗಿ ಪ್ರಯಾಣದ ಯೋಚನೆ ಬಂದ ಕೂಡಲೇ ದೋಣಿಯನ್ನು ಕ್ರೇನ್‌ನಿಂದ ಎತ್ತಿಸಿ ನೆಲದ ಮೇಲೆ ನಿಲ್ಲಿಸಬೇಕು. ಕೀಲ್ ಮತ್ತು ಒಡಲು ಸೇರುವಲ್ಲಿ ಬಿರುಕು ಅಥವಾ ತುಕ್ಕಿನ ಕಲೆ ಇದೆಯೇ ನೋಡಬೇಕು. ಒಳಗಿನ ಚೌಕಟ್ಟನ್ನು ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಜಾಗದಲ್ಲಿ 'ಟಣ್' ಎನ್ನುತ್ತದೆ, ಬಿಟ್ಟುಕೊಂಡ ಜಾಗದಲ್ಲಿ ಬೋಳು ಸದ್ದು ಬರುತ್ತದೆ. ಮಾರುಕಟ್ಟೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡಿದಂತೆಯೇ. ಅನುಮಾನ ಬಂದರೆ ಬೋಲ್ಟ್ ಒಂದನ್ನು ಹೊರತೆಗೆದು ನೋಡಬೇಕು. ದುಬಾರಿ ಕೆಲಸ, ನಿಜ. ಆದರೆ ಹೊಸ ನ್ಯಾವಿಗೇಷನ್ ಪರದೆಗೆ ಹಣ ಸುರಿದು ಕೀಲ್ ತಪಾಸಣೆಯನ್ನು ಮುಂದಿನ ವರ್ಷಕ್ಕೆ ತಳ್ಳುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ಚುಕ್ಕಾಣಿ ಮತ್ತು ಹಾಯಿಕಂಬ

ಹಗುರ ದೋಣಿಗಳ ಚುಕ್ಕಾಣಿ ಸಾಮಾನ್ಯವಾಗಿ ನೀರಿನೊಳಗೆ ಯಾವ ಆಸರೆಯೂ ಇಲ್ಲದೆ ಒಂದೇ ದಂಡದಿಂದ ನೇತಾಡುತ್ತದೆ. ಅದರ ಬೇರಿಂಗ್ ಸವೆದಿದೆಯೇ, ಚುಕ್ಕಾಣಿಯ ಒಡಲೊಳಗೆ ನೀರು ಸೇರಿದೆಯೇ ಎಂದು ಪರೀಕ್ಷಿಸಬೇಕು. 2020ರಿಂದೀಚೆಗೆ ಸ್ಪೇನ್, ಪೋರ್ಚುಗಲ್ ಕರಾವಳಿ ಮತ್ತು ಜಿಬ್ರಾಲ್ಟರ್ ಜಲಸಂಧಿಯಲ್ಲಿ ಓರ್ಕಾ ತಿಮಿಂಗಿಲಗಳು ಹಾಯಿದೋಣಿಗಳ ಚುಕ್ಕಾಣಿಯನ್ನೇ ಗುರಿಯಾಗಿಸಿ ಮುರಿಯುತ್ತಿರುವ ಸುದ್ದಿಯನ್ನು ಹಲವರು ಓದಿರಬಹುದು. ಕೆಲವು ದೋಣಿಗಳು ಮುಳುಗಿಯೂ ಇವೆ. ಚುಕ್ಕಾಣಿ ಕಳೆದುಕೊಂಡರೆ ದೋಣಿ ನಡೆಸುವುದು ಹೇಗೆ ಎಂಬುದಕ್ಕೆ ಬದಲಿ ವ್ಯವಸ್ಥೆ ಇರಬೇಕು. ಅದನ್ನು ಬಂದರಿನ ಹತ್ತಿರವೇ ಒಮ್ಮೆ ಬಳಸಿ ನೋಡಿರಬೇಕು.

ಹಾಯಿಕಂಬವನ್ನು ಹಿಡಿದು ನಿಲ್ಲಿಸುವ ಸ್ಟೇನ್‌ಲೆಸ್ ಸ್ಟೀಲ್ ತಂತಿಗಳನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ತಂತಿ ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ, ಅದು ಒಳಗಿನಿಂದಲೇ ದಣಿಯುತ್ತದೆ. ತಂತಿಯ ಸೆಳೆತವನ್ನು ಒಡಲಿಗೆ ದಾಟಿಸುವ ಉಕ್ಕಿನ ಪಟ್ಟಿಗಳು ಡೆಕ್ ದಾಟುವ ಜಾಗದಲ್ಲಿ ಗಾಳಿಯಾಡದೆ ಗುಟ್ಟಾಗಿ ತುಕ್ಕು ಹಿಡಿಯುತ್ತವೆ. ಅವನ್ನು ಕಳಚಿಯೇ ನೋಡಬೇಕು. ಆಲ್ಬಿನ್ ವೇಗಾದಂಥ ದೋಣಿಗಳಲ್ಲಿ ಕಂಬ ಡೆಕ್‌ನ ಮೇಲೆ ನಿಂತಿದ್ದು, ಕೆಳಗಿನ ತೊಲೆ ಕಾಲಕ್ರಮೇಣ ಕುಸಿಯುವುದು ಅದರ ಮಾಲೀಕರಿಗೆಲ್ಲ ಗೊತ್ತಿರುವ ದೋಷ. ಆ ತೊಲೆಯನ್ನು ಬಲಪಡಿಸಿದ ಮೇಲೆಯೇ ದೂರದ ಮಾತು.

ನೀರು ಒಳಬರುವ ದಾರಿಗಳು

1979ರ ಆಗಸ್ಟ್‌ನಲ್ಲಿ ಬ್ರಿಟನ್‌ನ ಫಾಸ್ಟ್‌ನೆಟ್ ರೇಸ್‌ನಲ್ಲಿದ್ದ 303 ದೋಣಿಗಳು ಬಿರುಗಾಳಿಗೆ ಸಿಲುಕಿ, 15 ಮಂದಿ ನಾವಿಕರು ಸತ್ತರು. 24 ದೋಣಿಗಳನ್ನು ಸಿಬ್ಬಂದಿ ತೊರೆದರು. ಆದರೆ ಮುಳುಗಿದ್ದು ಅವುಗಳಲ್ಲಿ ಐದು ಮಾತ್ರ. ಉಳಿದವು ಯಾರೂ ಇಲ್ಲದೆಯೂ ತೇಲುತ್ತಿದ್ದವು. ದೋಣಿ ಸಂಪೂರ್ಣ ಮುಳುಗುವ ಹಂತ ಬರುವವರೆಗೆ ಅದನ್ನು ಬಿಟ್ಟು ತೆಪ್ಪಕ್ಕೆ ಇಳಿಯಬೇಡಿ ಎಂದು ನಾವಿಕರಿಗೆ ಇಂದಿಗೂ ಕಲಿಸುವುದಕ್ಕೆ ಈ ಅನುಭವವೂ ಕಾರಣ.

ಅದೇ ರೇಸ್‌ನಲ್ಲಿ ಕಂಡ ಇನ್ನೊಂದು ಸಂಗತಿ ತೀರಾ ಸಣ್ಣದು. ಕ್ಯಾಬಿನ್‌ಗೆ ಇಳಿಯುವ ಬಾಗಿಲಿಗೆ ಮೇಲಿನಿಂದ ಜಾರಿಸಿ ಹಾಕುವ ಹಲಗೆಗಳು ದೋಣಿ ಮಗುಚಿದಾಗ ಉದುರಿಹೋಗಿ, ನೀರು ನುಗ್ಗಿತ್ತು. ಒಳಗಿನಿಂದಲೂ ಹೊರಗಿನಿಂದಲೂ ತೆಗೆಯಬಹುದಾದ ಒಂದು ಚಿಲಕ ಹಾಕಿದರೆ ಸಾಕು. ಖರ್ಚು ಕಡಿಮೆ, ಅರ್ಧ ದಿನದ ಕೆಲಸ.

ಕಿಟಕಿ ದೊಡ್ಡದಿದ್ದರೆ ಹೊರಗಿನಿಂದ ಮುಚ್ಚಲು ಪಾಲಿಕಾರ್ಬೊನೇಟ್ ಹಲಗೆ ಕತ್ತರಿಸಿ ಇಟ್ಟುಕೊಳ್ಳಬೇಕು. ನೀರಿನ ಮಟ್ಟಕ್ಕಿಂತ ಕೆಳಗಿರುವ ಪ್ರತಿ ಕವಾಟವನ್ನೂ ತೆಗೆದು ಹಾಕಿ ನೋಡಬೇಕು. ಅದು ಸಾಧಾರಣ ಹಿತ್ತಾಳೆಯದಾಗಿದ್ದರೆ ಉಪ್ಪುನೀರು ಸತುವನ್ನು ತಿಂದು ಲೋಹ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಪ್ರತಿ ಕವಾಟದ ಪಕ್ಕದಲ್ಲೂ ಅದೇ ಅಳತೆಯ ಮರದ ಬಿರಡೆ ಕಟ್ಟಿರಬೇಕು. ಕ್ಯಾಬಿನ್ನಿನೊಳಗೆ ಬ್ಯಾಟರಿ, ಗ್ಯಾಸ್ ಒಲೆ, ನೆಲದ ಹಲಗೆ ಯಾವುದೂ ಸಡಿಲವಾಗಿರಕೂಡದು. ದೋಣಿ ತಲೆಕೆಳಗಾದರೆ ಏನೇನು ಬೀಳುತ್ತದೆ ಎಂದು ಊಹಿಸಿ ಬಿಗಿಯುವುದೇ ಇದಕ್ಕೆ ಸುಲಭ ವಿಧಾನ.

ಸೌಕರ್ಯ ಹೆಚ್ಚಿದಷ್ಟೂ ಭಾರ

ಹಗುರ ದೋಣಿಯ ಶಕ್ತಿಯೇ ಅದರ ಹಗುರತನ. ಇಬ್ಬರಿಗೆ ದಿನಕ್ಕೆ ತಲಾ 4 ಲೀಟರ್‌ನಂತೆ 30 ದಿನದ ನೀರೆಂದರೆ 240 ಲೀಟರ್, ಅಂದರೆ 240 ಕಿಲೋ. ಸುಮಾರು 2.3 ಟನ್ ತೂಗುವ ವೇಗಾಗೆ ಇದು ತನ್ನ ಹತ್ತನೇ ಒಂದರಷ್ಟು ಹೊರೆ. ಇದರ ಮೇಲೆ ಅಕ್ಕಿ, ಬೇಳೆ, ಡೀಸೆಲ್, ಎರಡನೇ ಲಂಗರು, ಸೋಲಾರ್ ಫಲಕ, ಜನರೇಟರ್ ಎನ್ನುತ್ತಾ ಹೋದರೆ ದೋಣಿ ನೀರಿನಲ್ಲಿ ಕುಸಿದು ಕೂರುತ್ತದೆ. ಅಲೆಯ ಮೇಲೆ ಏರುವ ಬದಲು ಅದನ್ನು ಸೀಳಲು ಹೋಗುತ್ತದೆ, ಕೀಲ್ ಮತ್ತು ಕಂಬದ ಮೇಲಿನ ಒತ್ತಡವೂ ಹೆಚ್ಚುತ್ತದೆ. ಆದ್ದರಿಂದ ಫ್ರಿಡ್ಜ್‌ನಂಥದ್ದನ್ನು ಬಿಟ್ಟು, ಭಾರವಾದದ್ದನ್ನೆಲ್ಲ ದೋಣಿಯ ನಡುವೆ ತಳಕ್ಕೆ ಹತ್ತಿರ ಇಡುವುದು ಅನುಭವಿಗಳ ಕ್ರಮ.

ಸ್ವಯಂಚಾಲಿತವಾಗಿ ದೋಣಿ ನಡೆಸಲು ವಿದ್ಯುತ್ ಬೇಡದ, ಗಾಳಿಯ ದಿಕ್ಕನ್ನೇ ಹಿಡಿದು ನಡೆಯುವ 'ವಿಂಡ್‌ವೇನ್' ಒಂದು ಒಳ್ಳೆಯ ಹೊರೆ. ಮುಖ್ಯ ಹಾಯಿಗೆ ಮೂರನೇ ಹಂತದವರೆಗೆ ಚಿಕ್ಕದಾಗಿಸುವ ವ್ಯವಸ್ಥೆ, ಒಂದು ಪುಟ್ಟ ಬಿರುಗಾಳಿ ಹಾಯಿ ಬೇಕೇ ಬೇಕು. ಫಾಸ್ಟ್‌ನೆಟ್ ದುರಂತದ ನಂತರ ಅಮೆರಿಕದ ಏರೋನಾಟಿಕಲ್ ಎಂಜಿನಿಯರ್ ಡೊನಾಲ್ಡ್ ಜೋರ್ಡನ್ ರೂಪಿಸಿದ 'ಸೀರೀಸ್ ಡ್ರೋಗ್' ಕೂಡ ಹಗುರ ದೋಣಿಗೆ ಒಪ್ಪುತ್ತದೆ. ಉದ್ದ ಹಗ್ಗಕ್ಕೆ ಪೋಣಿಸಿದ ನೂರಾರು ಬಟ್ಟೆಯ ಶಂಕುಗಳು ಹಿಂದಿನಿಂದ ದೋಣಿಯನ್ನು ಹಿಡಿದೆಳೆದು, ಅಲೆಯ ಇಳಿಜಾರಿನಲ್ಲಿ ಜಾರಿ ಮಗುಚದಂತೆ ತಡೆಯುತ್ತವೆ. ಆ ಸೆಳೆತ ದೋಣಿಯ ತೂಕದಷ್ಟೇ ಆಗಬಹುದು. ಆದ್ದರಿಂದ ಹಗ್ಗ ಕಟ್ಟುವ ಮಾಮೂಲಿ ಗೂಟ ಸಾಲದು, ಹಿಂಬದಿಯ ಒಡಲಿಗೆ ಉಕ್ಕಿನ ಪಟ್ಟಿಗಳನ್ನೇ ಬೋಲ್ಟ್ ಮಾಡಬೇಕು.

ಋತು, ಬೀಕನ್ ಮತ್ತು ಬೆಂಗಳೂರು

ಗಟ್ಟಿ ದೋಣಿ ಇದ್ದರೆ ಇಷ್ಟೆಲ್ಲ ಬೇಡವೇ? ಸರ್ ರಾಬಿನ್ ನಾಕ್ಸ್-ಜಾನ್ಸ್ಟನ್ 1968-69ರಲ್ಲಿ ಒಂಟಿಯಾಗಿ, ಎಲ್ಲೂ ನಿಲ್ಲದೆ ಮೊದಲ ಬಾರಿಗೆ ಜಗತ್ತು ಸುತ್ತಿದ್ದು ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ 'ಸುಹೈಲಿ'ಯಲ್ಲಿ. ಅದೇ ಮಾದರಿಯಲ್ಲಿ ಗೋವಾದಲ್ಲಿ ಕಟ್ಟಿದ ಭಾರದ ದೋಣಿ 'ತುರೀಯ'ದಲ್ಲಿ 2018ರ ಗೋಲ್ಡನ್ ಗ್ಲೋಬ್ ರೇಸ್‌ಗೆ ಹೋದ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಕಂಬ ಮುರಿದು ಬೆನ್ನಿಗೆ ತೀವ್ರ ಪೆಟ್ಟು ಮಾಡಿಕೊಂಡರು. ಫ್ರಾನ್ಸ್‌ನ 'ಒಸಿರಿಸ್' ಹಡಗು ಅವರನ್ನು ಕಾಪಾಡಿತು. ಭಾರದ ದೋಣಿಯೂ ಕೆಟ್ಟ ಹವೆಯಲ್ಲಿ ಉರುಳುತ್ತದೆ ಎಂದಾದರೆ, ಹಗುರ ದೋಣಿಯವರು ಋತು ನೋಡಿಯೇ ಹೊರಡಬೇಕು. ಅಟ್ಲಾಂಟಿಕ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲ. ಕೆನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಹೋಗುವ ದೋಣಿಗಳು ಆ ಕಾಲ ಮುಗಿಯುವ ಹೊತ್ತಿಗೆ, ನವೆಂಬರ್ ಕೊನೆಯಲ್ಲಿ ಹೊರಡುವುದು ಇದಕ್ಕೇ. ನಮ್ಮ ಪಶ್ಚಿಮ ಕರಾವಳಿಯಲ್ಲಂತೂ ಮುಂಗಾರು ಶುರುವಾದರೆ ಮೀನುಗಾರರೇ ದೋಣಿ ಮೇಲಕ್ಕೆಳೆಯುತ್ತಾರೆ.

ಅಪಾಯದ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್, ಅಂದರೆ 'ಇಪರ್ಬ್', ಇಲ್ಲದೆ ಹೊರಡುವಂತೆಯೇ ಇಲ್ಲ. ಅದರ ಸಂಕೇತ ಉಪಗ್ರಹದ ಮೂಲಕ ಭೂಕೇಂದ್ರಕ್ಕೆ ಇಳಿಯುತ್ತದೆ. ಭಾರತದಲ್ಲಿ ಅದನ್ನು ನೋಡಿಕೊಳ್ಳುವ ಮಿಷನ್ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್ ಆವರಣದಲ್ಲಿ. ಅಲ್ಲಿಂದ ಮಾಹಿತಿ ಕರಾವಳಿ ಕಾವಲು ಪಡೆಯ ರಕ್ಷಣಾ ಕೇಂದ್ರಗಳಿಗೆ ಹೋಗುತ್ತದೆ. ಬೀಕನ್ ಕೊಂಡರೆ ಸಾಲದು, ದೋಣಿಯ ವಿವರ ಮತ್ತು ಮನೆಯವರ ಫೋನ್ ನಂಬರ್ ಕೊಟ್ಟು ನೋಂದಣಿ ಮಾಡಿಸಬೇಕು. ದೋಣಿ ಕೈ ಬದಲಾದಾಗ ಹೊಸ ಮಾಲೀಕರು ಇದನ್ನು ಮರೆಯುವುದುಂಟು. ಆಗ ರಕ್ಷಣಾ ಕೇಂದ್ರದವರ ಕರೆ ಹೋಗುವುದು ಹಳೆಯ ಮಾಲೀಕರ ಮನೆಗೆ.